ಹಳೆಯ ಗಾಡಿಯ ಜೀರ್ಣೋದ್ಧಾರ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ—ಈ ಐದು ತಾಲೂಕುಗಳ ಸೀಮೆಯಲ್ಲಿ ಕಾಲವನ್ನು ಅಳೆಯಲು ಪಂಚಾಂಗದಷ್ಟೇ ಕಬ್ಬಿನ ಬಿಲ್ಲೂ ಬೇಕು. ಬಿಲ್ಲು ಬಂದಾಗ ಮಗಳ ಮದುವೆ, ಬಿಲ್ಲು ಬಂದಾಗ ಬಾವಿಯ ಹೂಳು ತೆಗೆಸುವುದು, ಬಿಲ್ಲು ಬಂದಾಗ ಸೊಸೈಟಿಯ ಸಾಲ ತೀರಿಸುವುದು. ಇವೆಲ್ಲ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದಿದ್ದರೆ ಮನೆಯ ಕಿರಿಯ ಮಗ ತಂದೆಯ ಮುಂದೆ ನಿಂತು ಕಾರಿನ ಮಾತೆತ್ತುತ್ತಾನೆ. ಹೊಸ ಕಾರು ಅವನಿಗೆ ಎಟುಕುವುದಿಲ್ಲ; ಎಟುಕಿದರೂ ಅವನ ಮನಸ್ಸು ಅದರ ಮೇಲಿಲ್ಲ. ಕೊಲ್ಹಾಪುರದಲ್ಲೋ ಸಾಂಗಲಿಯಲ್ಲೋ ಬೆಳಗಾವಿಯಲ್ಲೋ ಯೌವನ ಮುಗಿಸಿ, ಬಣ್ಣ ಮಾಸಿ ನಿಂತಿರುವ ಒಂದು ಗಾಡಿಯನ್ನು ಅವನು ಆಗಲೇ ನೋಡಿಟ್ಟು ಬಂದಿದ್ದಾನೆ.

ಅದು ಮಾರುತಿ ಎಸ್ಟೀಮ್ ಆಗಿರಬಹುದು, ಹಳೆಯ ಹೋಂಡಾ ಸಿಟಿಯ ವಿಟೆಕ್ ಆಗಿರಬಹುದು, ೨೦೦೧ರಲ್ಲಿ ಬಂದ ಫಿಯಟ್ ಪಾಲಿಯೋದ ೧.೬ ಲೀಟರಿನ ಮಾದರಿಯಾಗಿರಬಹುದು, ಇಲ್ಲವೆ ೧೯೯೯ರ ಫೋರ್ಡ್ ಐಕಾನ್ ಆಗಿರಬಹುದು. ತಮ್ಮ ಕಾಲದಲ್ಲಿ ಇವು ಓಟದ ಗಾಡಿಗಳೆಂದು ಹೆಸರಾದವು. ಇಂದು ಒಳ್ಳೆಯದೊಂದು ಎಮ್ಮೆಯ ಬೆಲೆಗಿಂತ ತುಸು ಹೆಚ್ಚು ಕೊಟ್ಟರೆ ಇವುಗಳಲ್ಲಿ ಯಾವುದಾದರೊಂದು ಸಿಕ್ಕೀತು ಎಂಬುದೇ ಅವುಗಳ ಆಕರ್ಷಣೆ. ಉದಾಹರಣೆಗೆ ಎಸ್ಟೀಮನ್ನು ತೆಗೆದುಕೊಳ್ಳಿ. ೧೯೯೪ರಲ್ಲಿ ರಸ್ತೆಗಿಳಿದ ಈ ಕಾರಿನ ಎಂಜಿನ್ನು ೧೨೯೮ ಘನ ಸೆಂಟಿಮೀಟರಿನದು. ಮುಂದೆ ಅದಕ್ಕೆ ೧೬ ವಾಲ್ವುಗಳು ಬಂದು ಶಕ್ತಿ ೮೫ ಅಶ್ವಶಕ್ತಿಗೆ ಏರಿತು. ಗಾಡಿಯ ತೂಕವಾದರೋ ೯೦೦ ಕಿಲೋಗ್ರಾಮಿಗಿಂತಲೂ ಕಡಿಮೆ. ರ‍್ಯಾಲಿಯ ಸವಾರರು ಅದನ್ನು ಮೆಚ್ಚಿದ್ದು ಈ ಎರಡು ಅಂಕಿಗಳಿಗಾಗಿ. ೨೦೦೭ರಲ್ಲಿ ಅದರ ತಯಾರಿಕೆ ನಿಂತಿತು. ಆದ್ದರಿಂದ ಇಂದು ಕೈಗೆ ಸಿಗುವ ಅತ್ಯಂತ ಕಿರಿಯ ಎಸ್ಟೀಮಿಗೂ ಮತದಾನದ ವಯಸ್ಸು.

ಹಳೆಯದನ್ನು ಕೊಂಡು ಬಿಚ್ಚಿ, ತಿದ್ದಿ, ತನ್ನದಾಗಿಸಿಕೊಳ್ಳಬೇಕೆಂಬ ಈ ಹಂಬಲವನ್ನು ಹುಡುಗಾಟವೆಂದು ಜರಿಯುವವರ ಸಾಲಿಗೆ ನಾನು ಸೇರಿದವನಲ್ಲ. ಈ ಸೀಮೆಗೆ ಕಬ್ಬಿಣದ ಕೆಲಸ ಹೊಸದೇನೂ ಅಲ್ಲ. ೧೮೮೮ರಲ್ಲಿ ಬೆಳಗಾವಿಯ ಒಂದು ಸೈಕಲ್ ಅಂಗಡಿಯಿಂದ ಹೊರಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಕಬ್ಬಿಣದ ನೇಗಿಲನ್ನು ಎರಕ ಹೊಯ್ದು, ೧೯೧೦ರಲ್ಲಿ ಕೃಷ್ಣೆಯ ಆ ಬದಿಯಲ್ಲಿ ಒಂದು ಊರನ್ನೇ ಕಟ್ಟಿತು. ನಿಪ್ಪಾಣಿಯಿಂದ ಸುಮಾರು ೪೦ ಕಿಲೋಮೀಟರು ದೂರದ ಕೊಲ್ಹಾಪುರದ ಉದ್ಯಮನಗರದಲ್ಲಿ ಎರಕದ ಮನೆಗಳೂ ಲೇಥುಗಳೂ ಸಾಲುಸಾಲಾಗಿವೆ. ಸಿಗದೆ ಹೋದ ಬಿಡಿಭಾಗವನ್ನು ಹಳೆಯದರ ಅಳತೆ ಹಿಡಿದು ಹೊಸದಾಗಿ ತಿರುವಿಕೊಡುವ ಕೈಗಳು ಅಲ್ಲಿ ಇಂದಿಗೂ ಇವೆ. ದೊಡ್ಡ ನಗರದ ಶ್ರೀಮಂತ ಹುಡುಗ ಹೊರದೇಶದಿಂದ ತರಿಸುವುದನ್ನು ನಮ್ಮ ಹುಡುಗ ಉದ್ಯಮನಗರದಲ್ಲಿ ಮಾಡಿಸಿಕೊಳ್ಳುತ್ತಾನೆ. ಅದು ಕಡಿಮೆಯ ಸಂಗತಿಯೇನಲ್ಲ.

ತಕರಾರು ಇರುವುದು ಹಂಬಲದ ಬಗೆಗಲ್ಲ, ಹಣ ಖರ್ಚಾಗುವ ಸರದಿಯ ಬಗೆಗೆ. ಕೈಯಲ್ಲಿರುವುದು ಅಲ್ಪ ಮೊತ್ತ. ಆ ಮೊತ್ತದಲ್ಲಿ ಮೊದಲ ಪಾಲು ಸೈಲೆನ್ಸರಿಗೆ ಹೋಗುತ್ತದೆ, ಎರಡನೆಯದು ಅಗಲವಾದ ಹೊಳೆಯುವ ಚಕ್ರಗಳಿಗೆ. ಮೂರನೆಯ ಹೆಜ್ಜೆಯಾಗಿ ಸ್ಪ್ರಿಂಗುಗಳ ಒಂದೆರಡು ಸುತ್ತುಗಳನ್ನು ಕತ್ತರಿಸಿ ಗಾಡಿಯನ್ನು ನೆಲಕ್ಕೆ ಅಂಟುವಂತೆ ಇಳಿಸುತ್ತಾರೆ. ಉಳಿದ ಚಿಲ್ಲರೆ ಹಿಂದಿನ ಗಾಜಿನ ಮೇಲಿನ ಅಕ್ಷರಗಳಿಗೆ. ನಿಪ್ಪಾಣಿಯ ಒಂದು ಗ್ಯಾರೇಜಿನಲ್ಲಿ ನಾನು ಕೇಳಿದ ಮಾತು ಇದು. ಹುಡುಗ ಹೇಳಿದ: “ಮಾಮಾ, ಆವಾಜ ಹೆಂಗ ಬರಬೇಕಂದ್ರ, ನಾ ಊರ ಹೊರಗಿದ್ದಾಗನ ಮನ್ಯಾಗ ಗೊತ್ತಾಗಬೇಕು ನೋಡ್ರಿ.” ಮಿಸ್ತ್ರಿ ತಲೆಯೆತ್ತದೆ ಉತ್ತರಿಸಿದ: “ಆವಾಜ ಬರತೈತಿ ತಮ್ಮಾ. ಮದಲ ಗಾಡಿ ನಿಂದ್ರತೈತೇನು ನೋಡೂಣು.”

ಆ ಮಿಸ್ತ್ರಿಯ ಮಾತಿಗೆ ನಮ್ಮ ಹಳೆಯ ಶಾಸನಗಳಲ್ಲಿ ಒಂದು ಒಳ್ಳೆಯ ಹೆಸರಿದೆ. ದೇವಾಲಯಕ್ಕೆ ಭೂಮಿಯನ್ನು ದತ್ತಿ ಬಿಡುವಾಗ ಅದರ ಉತ್ಪನ್ನ ಯಾವುದಕ್ಕೆ ಸಲ್ಲಬೇಕೆಂಬುದನ್ನು ಹೇಳುತ್ತ ಶಾಸನಕಾರರು ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜವನ್ನು ಮತ್ತೆ ಮತ್ತೆ ಬಳಸುತ್ತಾರೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಸವೆದದ್ದನ್ನು ಎತ್ತಿ ನಿಲ್ಲಿಸುವುದಕ್ಕೆ ಎಂದು ಅರ್ಥ. ಹೊಸ ಗೋಪುರದ ಮಾತು ಆಮೇಲೆ. ಹದಿನೆಂಟು-ಇಪ್ಪತ್ತು ವರ್ಷ ಓಡಿದ ಕಾರಿನ ವಿಷಯದಲ್ಲಿ ಇದಕ್ಕಿಂತ ಸರಿಯಾದ ಸೂತ್ರ ನನಗೆ ತೋರಿಲ್ಲ. ಕಾರ್ಖಾನೆಯಿಂದ ಹೊರಬಿದ್ದ ದಿನ ೮೫ ಅಶ್ವಶಕ್ತಿಯಿದ್ದ ಎಂಜಿನ್ನಿನಲ್ಲಿ ಇಂದು ಅಷ್ಟೇ ಉಳಿದಿದೆಯೆಂದು ಯಾರೂ ಪ್ರಮಾಣ ಮಾಡಲಾರರು. ಪಿಸ್ಟನ್ ರಿಂಗು ಸವೆದಿದೆ, ವಾಲ್ವುಗಳು ಸರಿಯಾಗಿ ಕೂಡುತ್ತಿಲ್ಲ, ರೇಡಿಯೇಟರಿನಲ್ಲಿ ಕೆಸರು ತುಂಬಿದೆ. ಕಳೆದುಹೋದ ಶಕ್ತಿಯನ್ನು ಮರಳಿ ತರುವುದು ಇಲ್ಲದ ಶಕ್ತಿಯನ್ನು ಹೊಸದಾಗಿ ಹುಟ್ಟಿಸುವುದಕ್ಕಿಂತ ಎಷ್ಟೋ ಅಗ್ಗ.

ಆದ್ದರಿಂದ ಕೊಳ್ಳುವ ಮೊದಲೇ ಕಂಪ್ರೆಷನ್ ನೋಡಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಅವುಗಳ ಕಿಂಡಿಗೆ ಒತ್ತಡದ ಮಾಪಕವನ್ನು ಸಿಕ್ಕಿಸಿ, ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿದರೆ ಒಂದೊಂದು ಸಿಲಿಂಡರಿನ ಆರೋಗ್ಯ ತಿಳಿಯುತ್ತದೆ. ನಾಲ್ಕೂ ಹೆಚ್ಚುಕಡಿಮೆ ಸಮನಾಗಿದ್ದರೆ ಒಳ್ಳೆಯದು. ಒಂದು ಬಹಳ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡುತ್ತಾರೆ. ಎಣ್ಣೆಯಿಂದ ಒತ್ತಡ ಏರಿತೆಂದರೆ ದೋಷ ರಿಂಗಿನಲ್ಲಿದೆ. ಏರದಿದ್ದರೆ ವಾಲ್ವಿನಲ್ಲೋ ಹೆಡ್ ಗ್ಯಾಸ್ಕೆಟ್ಟಿನಲ್ಲೋ ಇದೆ. ಅರ್ಧ ಗಂಟೆಯ ಕೆಲಸವಿದು. ಇದನ್ನು ಮಾಡಿಸಲು ಒಪ್ಪದ ಮಾರಾಟಗಾರನ ಅಂಗಳದಿಂದ ನಮಸ್ಕಾರ ಹೇಳಿ ಹೊರಡುವುದೇ ಲೇಸು.

ಇನ್ನು ಬ್ರೇಕು. ಇದರ ಬಗೆಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕಾಗಿದೆ. ನಿಪ್ಪಾಣಿಯಿಂದ ಸಂಕೇಶ್ವರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ—ಹಿಂದಿನ ನಾಲ್ಕನೆಯದು, ಈಗಿನ ನಲವತ್ತೆಂಟನೆಯದು—ಸ್ತವನಿಧಿಯ ಘಾಟನ್ನು ದಾಟುತ್ತದೆ. ಜನರ ಬಾಯಲ್ಲಿ ಅದು ತವಂದಿ ಘಾಟು. ಅಲ್ಲಿ ಆಗಿರುವ ಅಪಘಾತಗಳ ಸುದ್ದಿ ಈ ಭಾಗದ ಯಾವ ಮನೆಗೂ ಹೊಸದಲ್ಲ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಗಾಡಿಯನ್ನು ೮೦ಕ್ಕೆ ಏರಿಸಿದರೆ ವೇಗ ಮೂರರಲ್ಲೊಂದು ಪಾಲು ಮಾತ್ರ ಹೆಚ್ಚಿದಂತೆ ಕಾಣುತ್ತದೆ. ಆದರೆ ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ನಿಲ್ಲಿಸುವಾಗ ಬ್ರೇಕು ನುಂಗಬೇಕಾದದ್ದು ಸುಮಾರು ೭೮ ಶೇಕಡ ಹೆಚ್ಚು. ಆ ಶಕ್ತಿಯೆಲ್ಲ ಕಾವಾಗಿ ಡಿಸ್ಕು ಮತ್ತು ಪ್ಯಾಡುಗಳಲ್ಲಿ ಸೇರುತ್ತದೆ. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವಕ್ಕೆ ಗಾಳಿಯೊಳಗಿನ ತೇವವನ್ನು ಹೀರುವ ಗುಣವಿದೆ. ನಾಲ್ಕೈದು ವರ್ಷ ಬದಲಿಸದೆ ಬಿಟ್ಟರೆ ಅದರ ಕುದಿಯುವ ಬಿಂದು ಕೆಳಗಿಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಅದು ಕುದಿದು ಆವಿಯ ಗುಳ್ಳೆ ಎದ್ದಾಗ ಪೆಡಲು ಮೆತ್ತಗೆ ನೆಲಕ್ಕೆ ಹೋಗುತ್ತದೆ. ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಆ ದ್ರವಕ್ಕೆ ತಗಲುವ ವೆಚ್ಚ ಹಿಂದಿನ ಗಾಜಿನ ಅಕ್ಷರಗಳಿಗೆ ತಗಲುವಷ್ಟೂ ಇರಲಾರದು.

ಬ್ರೇಕಿನ ಬೆನ್ನಿಗೇ ಟೈರು ಬರುತ್ತದೆ, ಏಕೆಂದರೆ ಬ್ರೇಕು ಹಿಡಿಯುವುದು ಚಕ್ರವನ್ನು, ನೆಲವನ್ನು ಹಿಡಿಯುವುದು ಟೈರೇ. ಹಳೆಯ ಕಾರಿನ ಟೈರಿನಲ್ಲಿ ಗೀರುಗಳು ಆಳವಾಗಿಯೇ ಇರಬಹುದು. ಗಾಡಿ ಓಡದೆ ನಿಂತಿತ್ತಲ್ಲ! ಆದರೆ ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ೨೩೧೨ ಎಂದಿದ್ದರೆ ಅದು ೨೦೧೨ರ ಇಪ್ಪತ್ತಮೂರನೆಯ ವಾರ ಹುಟ್ಟಿದ ಟೈರು. ಮಳೆಗಾಲದ ರಸ್ತೆಯ ಮೇಲೆ ಅದನ್ನು ನಂಬಬಾರದು. ಮಾರುವವನು ಹೊಳಪು ಹಚ್ಚಿ ನಿಲ್ಲಿಸಿರುತ್ತಾನೆ, ಅಂಕಿಯನ್ನು ಅಳಿಸಿರುವುದಿಲ್ಲ. ಆಮೇಲೆ ಶಾಕ್ ಅಬ್ಸಾರ್ಬರು—ಗ್ಯಾರೇಜಿನ ಭಾಷೆಯಲ್ಲಿ ಶಾಕಪ್—ಮತ್ತು ರಬ್ಬರಿನ ಬುಷ್ಷುಗಳು. ಇವು ಸತ್ತ ಗಾಡಿ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಕೆಡಿಸಿಟ್ಟ ರಸ್ತೆಯ ಮೇಲೆ ದೋಣಿಯಂತೆ ತೂಗಾಡುತ್ತದೆ. ಸ್ಪ್ರಿಂಗನ್ನು ಕತ್ತರಿಸಿದವನ ಗಾಡಿಯೋ, ಪ್ರತಿಯೊಂದು ಉಬ್ಬಿಗೂ ಕೊನೆಯ ತಡೆಗೆ ಬಡಿದು ಮೇಲೆ ನೆಗೆಯುತ್ತದೆ. ಚಕ್ರ ಗಾಳಿಯಲ್ಲಿದ್ದಷ್ಟು ಹೊತ್ತು ಸ್ಟೇರಿಂಗಿಗೂ ಬ್ರೇಕಿಗೂ ಕೆಲಸವಿಲ್ಲ. ನೆಲಕ್ಕಿಳಿಸಿದ ಕಾರು ನಿಂತಾಗ ಚೆಂದ ಕಾಣುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ.

ಇಷ್ಟಕ್ಕೆ ಹಣದ ಹೆಚ್ಚಿನ ಪಾಲು ಮುಗಿದಿರುತ್ತದೆ. ಹುಡುಗನ ಮುಖ ಬಾಡಿರುತ್ತದೆ, ಏಕೆಂದರೆ ಗಾಡಿ ನೋಡಲು ಮೊದಲಿನಂತೆಯೇ ಇದೆ. ಅವನನ್ನು ನಾನು ಒಂದು ಶರ್ಯತ್ತಿಗೆ ಕರೆದೊಯ್ಯಬಯಸುತ್ತೇನೆ.

ಎತ್ತಿನ ಗಾಡಿಯ ಶರ್ಯತ್ತು ಈ ಸೀಮೆಯ ಜಾತ್ರೆಗಳ ಜೀವ. ಎರಡು ಎತ್ತುಗಳ ಜೋಡಿ, ಕೆಲವೆಡೆ ಒಂದು ಕುದುರೆ ಒಂದು ಎತ್ತಿನ ಜೋಡಿ. ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಓಟಗಳನ್ನು ತಡೆದಿತ್ತು. ಕರ್ನಾಟಕ ೨೦೧೭ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ೨೦೨೩ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಶರ್ಯತ್ತಿನ ಗಾಡಿಯನ್ನು ಹೇರಿನ ಗಾಡಿಯ ಪಕ್ಕದಲ್ಲಿಟ್ಟು ನೋಡಿ. ಓಟಕ್ಕೆ ಬೇಡವಾದ ಒಂದು ಹಲಗೆಯೂ ಅದರಲ್ಲಿ ಉಳಿದಿರುವುದಿಲ್ಲ. ಎತ್ತಿನ ಬಲವನ್ನು ಒಂದು ಮಿತಿಯ ಆಚೆಗೆ ಹೆಚ್ಚಿಸಲಾಗದು, ಆದರೆ ಎಳೆಯಬೇಕಾದ ಭಾರವನ್ನು ಕಡಿಮೆ ಮಾಡಬಹುದು ಎಂಬುದನ್ನು ಬಡಿಗ ಬಲ್ಲ. ಕಾರಿಗೂ ಇದೇ ಲೆಕ್ಕ. ೮೭೫ ಕಿಲೋಗ್ರಾಮಿನ ಗಾಡಿಯಿಂದ ೪೦ ಕಿಲೋಗ್ರಾಮು ಇಳಿಸಿದರೆ ಅದರ ಓಟಕ್ಕೆ ಹೆಚ್ಚುಕಡಿಮೆ ೪ ಅಶ್ವಶಕ್ತಿ ಸೇರಿಸಿದಂತಾಯಿತು. ಡಿಕ್ಕಿಯಲ್ಲಿ ಕುಳಿತ ಸ್ಪೀಕರಿನ ಪೆಟ್ಟಿಗೆ, ಹಿಂದಿನ ಒಡೆಯ ಹಾಕಿಸಿದ ಛಾವಣಿಯ ಕ್ಯಾರಿಯರು, ಮುಂದಿನ ಕಬ್ಬಿಣದ ಗಾರ್ಡು—ಇವನ್ನು ತೆಗೆದರೆ ಈ ತೂಕದ ಬಹುಪಾಲು ಇಳಿಯುತ್ತದೆ. ಕಬ್ಬಿಣದ ಗಾರ್ಡುಗಳನ್ನು ಕೇಂದ್ರದ ಸಾರಿಗೆ ಮಂತ್ರಾಲಯ ೨೦೧೭ರ ಡಿಸೆಂಬರಿನಲ್ಲಿಯೇ ನಿಷೇಧಿಸಿದ್ದೂ ಉಂಟು. ಈ ೪ ಅಶ್ವಶಕ್ತಿಗೆ ಒಂದು ಸ್ಪ್ಯಾನರಿನ ಹೊರತು ಬೇರೆ ಖರ್ಚಿಲ್ಲ. ಹಿಂದಿನ ಸೀಟನ್ನು ಮಾತ್ರ ಕೀಳಬಾರದು; ಆಸನಗಳ ಸಂಖ್ಯೆ ಆರ್.ಸಿ. ಪುಸ್ತಕದಲ್ಲಿ ಬರೆದಿರುತ್ತದೆ. ಅದಲ್ಲದೆ ಮನೆಯವರನ್ನು ಕೂರಿಸಿಕೊಂಡು ಹೋಗಬೇಕಾದದ್ದೂ ಅದೇ ಗಾಡಿಯಲ್ಲಿ ತಾನೆ.

ಶರ್ಯತ್ತಿನ ಬಡಿಗ ಮಾಡುವುದನ್ನು ಹೊರಗಿನ ದೇಶಗಳವರೂ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದ ಯುವಕರು ೧೯೩೨ರ ಹಳೆಯ ಫೋರ್ಡುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡುಗಳನ್ನು ಕಿತ್ತೆಸೆದು, ಬತ್ತಿದ ಕೆರೆಗಳ ಬಯಲಿನಲ್ಲಿ ಓಡಿಸಿದರು. ಆದರೆ ನಮ್ಮ ಹುಡುಗನಿಗೆ ನಾನು ತೋರಿಸಬಯಸುವುದು ಇಂಗ್ಲೆಂಡಿನ ಉದಾಹರಣೆಯನ್ನು. ೧೯೫೯ರಲ್ಲಿ ಬಂದ ಮಿನಿ ಎಂಬ ಪುಟ್ಟ ಕಾರಿಗೆ ೮೪೮ ಘನ ಸೆಂಟಿಮೀಟರಿನ, ೩೪ ಅಶ್ವಶಕ್ತಿಯ ಎಂಜಿನ್ನಿತ್ತು. ಓಟದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಅದರಲ್ಲಿ ಅಡಗಿದ್ದ ಗುಣವನ್ನು ಕಂಡುಕೊಂಡರು. ೧೯೬೧ರಲ್ಲಿ ಅವರ ಹೆಸರಿನ ಮಿನಿ ೫೫ ಅಶ್ವಶಕ್ತಿಯೊಂದಿಗೆ ಹೊರಬಂದಾಗ ಅದರ ಮುಂದಿನ ಚಕ್ರಗಳಿಗೆ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕುಗಳಿದ್ದವು. ಶಕ್ತಿಯನ್ನು ಹೆಚ್ಚಿಸಿದ ಆ ಕೈಯೇ ಅದೇ ವರ್ಷ, ಅದೇ ಗಾಡಿಯಲ್ಲಿ, ನಿಲ್ಲಿಸುವ ಏರ್ಪಾಡನ್ನೂ ಹೆಚ್ಚಿಸಿತು. ಆ ವಂಶದ ಕಾರುಗಳು ಮುಂದೆ ೧೯೬೪, ೧೯೬೫ ಮತ್ತು ೧೯೬೭ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದವು.

ಸಮೀಪದ ಉದಾಹರಣೆಯೂ ಇದೆ. ಕೊಯಿಮತ್ತೂರಿನ ಕರಿವರ್ಧನರು ೧೯೮೦ರ ದಶಕದಲ್ಲಿ ಮಾರುತಿ ೮೦೦ರ ೭೯೬ ಘನ ಸೆಂಟಿಮೀಟರಿನ ಎಂಜಿನ್ನನ್ನೇ ಇಟ್ಟು ಒಬ್ಬರು ಕೂರುವ ಓಟದ ಕಾರನ್ನು ಕಟ್ಟಿದರು. ಫಾರ್ಮುಲಾ ಮಾರುತಿ ಎಂದು ಅದಕ್ಕೆ ಹೆಸರಾಯಿತು. ಸಂಸಾರಸ್ಥರ ಕಾರಿನ ಎಂಜಿನ್ನಿಗೆ ಹಗುರವಾದ ಒಡಲು ಕೊಟ್ಟದ್ದರಲ್ಲಿ ಅದರ ಓಟವಿತ್ತು. ೨೦೦೫ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಎಳವೆಯಲ್ಲಿ ಪಳಗಿದ್ದು ಇಂಥ ಗಾಡಿಗಳಲ್ಲೇ.

ಇಷ್ಟು ಹೇಳಿದ ಮೇಲೆ ಎಂಜಿನ್ನಿನ ಮಾತನ್ನು ತಪ್ಪಿಸಿಕೊಳ್ಳುವಂತಿಲ್ಲ. ಗಾಳಿಯ ಫಿಲ್ಟರನ್ನೂ ಸೈಲೆನ್ಸರನ್ನೂ ಬದಲಿಸಿದರೆ ಇಂಥ ಸಣ್ಣ ಎಂಜಿನ್ನಿಗೆ ದಕ್ಕುವುದು ಬೆರಳೆಣಿಕೆಯ ಅಶ್ವಶಕ್ತಿ. ತೆರೆದ ಫಿಲ್ಟರು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆದರೆ ಅದೂ ದಕ್ಕುವುದಿಲ್ಲ. ಸಿಲಿಂಡರಿನ ಹೆಡ್ಡನ್ನು ಲೇಥಿನವರಲ್ಲಿ ತುಸು ತೆಗೆಸಿ ಕಂಪ್ರೆಷನ್ ಹೆಚ್ಚಿಸುವ ಹಳೆಯ ಉಪಾಯ ನಿಜವಾಗಿಯೂ ಫಲ ಕೊಡುತ್ತದೆ. ಆದರೆ ಕೂದಲೆಳೆಯಷ್ಟು ಹೆಚ್ಚಾದರೆ ಇಂಧನ ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನಿಗೆ ಸುತ್ತಿಗೆಯೇಟು ಬೀಳುತ್ತದೆ.

ಇಂಧನದ ವಿಷಯದಲ್ಲಿ ಈ ಸೀಮೆಗೇ ಸೇರಿದ ಒಂದು ವಿನೋದವುಂಟು. ೨೦೨೫ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ೨೦ ಶೇಕಡ ಎಥನಾಲ್ ಬೆರೆತಿತು. ಉಗಾರದ ಸಕ್ಕರೆ ಕಾರ್ಖಾನೆಯೂ ಅಥಣಿ ಕಡೆಯ ಕಾರ್ಖಾನೆಗಳೂ ಆ ಎಥನಾಲನ್ನು ತಯಾರಿಸುವವೇ. ಅಂದರೆ ನಮ್ಮ ಹುಡುಗ ತನ್ನ ಹೊಲದ ಕಬ್ಬನ್ನು ಕಾರ್ಖಾನೆಗೆ ಕಳಿಸಿ, ಅದರ ಬಿಲ್ಲಿನಿಂದ ಗಾಡಿ ಕೊಂಡು, ಅದೇ ಕಬ್ಬಿನ ಸಾರವನ್ನು ಪಂಪಿನಲ್ಲಿ ಮತ್ತೆ ದುಡ್ಡು ಕೊಟ್ಟು ತುಂಬಿಸುತ್ತಾನೆ! ಎಥನಾಲು ಅಕಾಲದ ಸಿಡಿತವನ್ನು ಪೆಟ್ರೋಲಿಗಿಂತ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಲೀಟರಿಗೆ ಅದರ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು. ಹಳೆಯ ಗಾಡಿಯ ರಬ್ಬರು ಕೊಳವೆಗಳನ್ನೂ ಸೀಲುಗಳನ್ನೂ ಅದು ಕೆಡಿಸಬಹುದು. ಇಪ್ಪತ್ತು ವರ್ಷದ ಹಿಂದಿನ ಪೆಟ್ರೋಲು ಕೊಳವೆಗಳನ್ನು ಬದಲಿಸುವುದು ಅಗ್ಗದ ಕೆಲಸ. ಬಿಸಿ ಎಂಜಿನ್ನಿನ ಮೇಲೆ ಅವು ಸೋರಿದರೆ ಆಗುವುದನ್ನು ಹೇಳಬೇಕಾಗಿಲ್ಲ.

ಕಾನೂನಿನ ಮಾತು ಬೇಸರದ್ದೆಂದು ಬಲ್ಲೆ, ಆದರೂ ಬಜೆಟ್ಟಿನಲ್ಲಿ ಅದಕ್ಕೊಂದು ಪಾಲಿದೆ. ಕೊಲ್ಹಾಪುರದ ಎಮ್‌ಎಚ್-೦೯ ಅಥವಾ ಸಾಂಗಲಿಯ ಎಮ್‌ಎಚ್-೧೦ ಫಲಕದ ಗಾಡಿಯನ್ನು ಈಚೆ ತಂದು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅದಕ್ಕೆ ಚಿಕ್ಕೋಡಿಯ ಕೆಎ-೨೩ ಫಲಕ ಬೇಕಾಗುತ್ತದೆ; ಅಲ್ಲಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ತೆರಿಗೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯ ನವೀಕರಣಕ್ಕೆ ೨೦೨೨ರ ಏಪ್ರಿಲಿನಿಂದ ೫,೦೦೦ ರೂಪಾಯಿ ಶುಲ್ಕವಾಯಿತು. ೨೦೨೫ರಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ ಅದನ್ನು ೧೦,೦೦೦ ಮಾಡಿದರು. ಅಗ್ಗದ ಗಾಡಿಯ ನಿಜವಾದ ಬೆಲೆ ಇವನ್ನೂ ಕೂಡಿಸಿದಾಗ ತಿಳಿಯುತ್ತದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ನೋಂದಣಿ ಪತ್ರ ಹೊಂದದಂತಾಗುವ ಮಾರ್ಪಾಡು ಸಲ್ಲದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಖಚಿತವಾಗಿ ಹೇಳಿತು. ಬಣ್ಣ ಬದಲಿಸಿದರೆ ಬರೆಸಬೇಕು, ಎಂಜಿನ್ನು ಬದಲಿಸುವುದಿದ್ದರೆ ಮುಂಚೆಯೇ ಅನುಮತಿ ಪಡೆಯಬೇಕು. ವಿಮೆಯವರಿಗೆ ತಿಳಿಸದ ಮಾರ್ಪಾಡು ಅಪಘಾತದ ಮರುದಿನ ತಕರಾರಾಗಿ ಎದುರು ನಿಲ್ಲಬಹುದು. ಸವೆದ ಬ್ರೇಕು, ಟೈರು, ಶಾಕಪ್, ಬುಷ್ಷುಗಳ ಜಾಗದಲ್ಲಿ ಅದೇ ಅಳತೆಯ ಒಳ್ಳೆಯ ಹೊಸವನ್ನು ಕೂರಿಸುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ.

ಹೀಗೆ ಸಜ್ಜಾದ ಗಾಡಿಯನ್ನು ಎಲ್ಲಿ ಓಡಿಸಬೇಕು? ಚಿಕ್ಕೋಡಿ-ನಿಪ್ಪಾಣಿ ರಸ್ತೆಯಲ್ಲಂತೂ ಅಲ್ಲ. ಅಲ್ಲಿ ದೀಪವಿಲ್ಲದ ಕಬ್ಬಿನ ಟ್ರೇಲರುಗಳು ರಾತ್ರಿಯೆಲ್ಲ ಸಾಗುತ್ತವೆ, ಅವುಗಳ ಹಿಂದೆ ಮಕ್ಕಳನ್ನು ಕೂರಿಸಿಕೊಂಡ ಕಬ್ಬು ಕಡಿಯುವವರ ಗಾಡಿಗಳು. ಕೊಲ್ಹಾಪುರದಲ್ಲಿ ಗೋ-ಕಾರ್ಟುಗಳಿಗೆಂದು ಕಟ್ಟಿದ ಓಟದ ದಾರಿಯಿದೆ. ಕೈ ಪಳಗಿಸಲು ಅಲ್ಲಿನ ಕೆಲವು ಸುತ್ತುಗಳು ಸಾಕು. ಮದ್ರಾಸಿನ ಬಳಿ ಇರುಂಗಾಟ್ಟುಕೋಟೈಯಲ್ಲೂ ಕೊಯಿಮತ್ತೂರಿನಲ್ಲೂ ದೊಡ್ಡ ಪಥಗಳಿವೆ. ಅಂಥ ಕಡೆ ಸ್ಪರ್ಧೆಗೆ ಇಳಿಯುವ ಮುನ್ನ ಪ್ರತಿಯೊಂದು ಗಾಡಿಯೂ ತಪಾಸಣೆಗೆ ನಿಲ್ಲಬೇಕು. ತಪಾಸಣೆಯವರು ಬಾಗಿ ನೋಡುವುದು ಬ್ರೇಕಿನ ಕೊಳವೆಗಳನ್ನು, ಟೈರುಗಳನ್ನು, ಸೊಂಟದ ಬೆಲ್ಟನ್ನು, ಬೆಂಕಿ ಆರಿಸುವ ಸಿಲಿಂಡರನ್ನು, ಬ್ಯಾಟರಿಯನ್ನು ಅಲುಗದಂತೆ ಬಿಗಿದಿದ್ದಾರೆಯೇ ಎಂಬುದನ್ನು. ಅವೆಲ್ಲ ಸರಿಯಾಗಿದ್ದರೆ ಗಾಡಿಯ ಮೇಲೆ ಒಂದು ಚೀಟಿ ಅಂಟಿಸಿ, ಸಾಲಿನಲ್ಲಿ ಮುಂದಿನವನನ್ನು ಕರೆಯುತ್ತಾರೆ.